ಅರುಂಧತಿಯಂತೆ ಕಂಡ ಕೆಂಪು ದೈತ್ಯ

ಸ್ಯಾನ್ ಹೊಸೆಯ ಹೊರಗಿನ ಬೆಟ್ಟದ ಮೇಲೆ ನಕ್ಷತ್ರ ನೋಡಲು ಸೇರುವವರು ಬಿಳಿ ದೀಪ ಹಚ್ಚುವಂತಿಲ್ಲ. ಕೆಂಪು ಕಾಗದ ಸುತ್ತಿದ ಟಾರ್ಚು ಮಾತ್ರ, ಅದೂ ನೆಲದ ಕಡೆಗೆ. ನಾವು ಕಾರಿನಲ್ಲಿ ಸ್ವೆಟರು ಹುಡುಕುತ್ತಿದ್ದಾಗ ಹೆಂಡತಿಯ ತಮ್ಮ ರಘು ಬೈನಾಕ್ಯುಲರನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಗುರಿಯಿಟ್ಟು ಕರೆದ.

"ಬನ್ನಿ ಭಾವ, ಕೆಂಪು ದೈತ್ಯ ಅಂತಾರೆ ಇದನ್ನ. ನಮ್ಮ ಸೂರ್ಯ ಇದರ ಮುಂದೆ ಸಾಸಿವೆ ಕಾಳು. ತುಂಬಾ ದೂರ, ಬರಿಗಣ್ಣಿಗೆ ಕಾಣಲ್ಲ."

ಕಣ್ಣಿಟ್ಟೆ. ಬರೀ ಕತ್ತಲು. ಆಫೀಸಿನಿಂದ ಬಂದವನೇ ಕಾಫಿಯನ್ನೂ ಕುಡಿಯದೆ ಫ್ರೀವೇ ಟ್ರಾಫಿಕ್ಕಿನಲ್ಲಿ ನಮ್ಮನ್ನು ಕರೆತಂದವನಿಗೆ ಬೇಸರವಾಗಬಾರದಲ್ಲ.

"ಕಾಣಿಸ್ತಪ್ಪ. ಒಳ್ಳೇ ಕೆಂಪಗಿದೆ" ಎಂದೆ.

"ಇರಿ ಭಾವ, ಇಬ್ಬನಿ ಬೀಳತ್ತೆ ಅಂತ ಮುಚ್ಚಿಟ್ಟಿದ್ದೆ. ಮುಚ್ಚಳ ತೆಗೀತೀನಿ."

ಪಕ್ಕದ ಕಾರಿನವರು ತಿರುಗಿ ನೋಡುವಷ್ಟು ಜೋರಾಗಿ ಹೆಂಡತಿ ನಕ್ಕಳು. "ಮದುವೆ ದಿನ ಮಟಮಟ ಮಧ್ಯಾಹ್ನ ಪುರೋಹಿತರು ಅರುಂಧತಿ ತೋರಿಸಿದಾಗ್ಲೂ ಹೀಗೇ ಅಂದಿದ್ರು ಇವ್ರು."

ಮತ್ತೆ ಬಗ್ಗಿದೆ. ಬಿಳಿ ಚುಕ್ಕೆಗಳ ನಡುವೆ ಒಂದೇ ಒಂದು ಕೆಂಡದ ಕಿಡಿ, ಅಲುಗದೆ ಉರಿಯುತ್ತಿತ್ತು. ಕಣ್ಣು ತೆಗೆಯದೆ ನೋಡುತ್ತಲೇ ಇದ್ದೆ.

"ಕಾಣಿಸ್ತು" ಎಂದೆ.

ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿದಳು. ಕಣ್ಣಿಡುವ ಮೊದಲು, ಮುಚ್ಚಳ ತೆಗೆದಿದೆಯೇ ಎಂದು ಕತ್ತಲಲ್ಲಿ ಬೆರಳಿನಿಂದ ತಡವಿ ನೋಡಿದಳು.