ಎದೆಯ ಮೇಲಿನ ಕೈ

ಊರವರೆಲ್ಲ ಅಪಾ, ಅಂದರೆ ಅಮ್ಮ, ಎಂದು ಕರೆಯುವ ಉಲ್ಕಾನ್ ಮದುವೆಯಾಗಿ ಬಂದಂದಿನಿಂದ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ನಾರಿನ್ ಕಣಿವೆಯ ನಮ್ಮ ಹಳ್ಳಿಯಲ್ಲಿ ಹಳೆಯ ಕಾಲದ ಯಾವ ಸೊಸೆಯೂ ಹೇಳುತ್ತಿರಲಿಲ್ಲ. ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅವಳ ಅತ್ತೆ ಬೇರೆ ಹೆದರಿಸಿಟ್ಟಿದ್ದಳು. ಗಂಡನ ಹೆಸರು ಬೇಯ್‌ಶೆನಾಲಿ. ನಮ್ಮ ಭಾಷೆಯಲ್ಲಿ ಗುರುವಾರಕ್ಕಿರುವ ಪದದಿಂದ ಹುಟ್ಟಿದ ಹೆಸರು. ಹಾಗಾಗಿ ಉಲ್ಕಾನ್‌ಳ ವಾರದಲ್ಲಿ ಗುರುವಾರವೇ ಇಲ್ಲ. ಅದು ಶುಕ್ರವಾರದ ಹಿಂದಿನ ದಿನ, ಅಷ್ಟೇ. ಉಳಿದಂತೆ ಅವಳ ಬಾಯಿಗೆ ಬೀಗವಿರಲಿಲ್ಲ. ಕುದುರೆ ಹಾಲು ಕರೆಯುತ್ತಲೋ ಉಣ್ಣೆ ಕಂಬಳಿ ಹೊಲಿಯುತ್ತಲೋ ಊರವರನ್ನೆಲ್ಲ ಹಿಗ್ಗಾಮುಗ್ಗಾ ಝಾಡಿಸುತ್ತಿದ್ದಳು.

ಊರಿನ ಆಸ್ಪತ್ರೆಯಲ್ಲಿ ಈಗ ಡಾಕ್ಟರಿಲ್ಲ. ಗೋಡೆಯ ಪರದೆಯಲ್ಲಿ ಆಯ್‌ಪೆರಿ ಎಂಬ ಹುಡುಗಿ ಇದ್ದಾಳೆ. ತಲೆಗೆ ಬಿಳಿ ವಸ್ತ್ರ, ಮಾತು ಬೆಣ್ಣೆ, ಆದರೆ ಒಳಗಿರುವುದು ಯಂತ್ರ. ಎದುರು ನಿಂತವರ ಮಾತು ಕೇಳಿ, ಕೈಸನ್ನೆ ನೋಡಿ, ಅಗತ್ಯ ಬಿದ್ದರೆ ಪಟ್ಟಣದಿಂದ ಆಂಬುಲೆನ್ಸ್ ಕರೆಸುವುದು ಅವಳ ಕೆಲಸ. ಮೊದಮೊದಲು ದೊಡ್ಡ ಫಜೀತಿಯಾಯಿತು. ನಮ್ಮ ಜನ ಯಾರನ್ನು ಕಂಡರೂ ಎದೆಯ ಮೇಲೆ ಕೈಯಿಟ್ಟು, ತಲೆಬಾಗಿ ಸಲಾಂ ಮಾಡುವವರು. ಹುಡುಗಿಗೆ ಅದು ಎದೆನೋವಾಗಿ ಕಂಡಿತು. ಕೆಮ್ಮಿನ ಮದ್ದಿಗೆ ಹೋದ ಮುದುಕರನ್ನು ಹೊತ್ತುಕೊಂಡು ಹೋಗಲು ಹಿಮದಲ್ಲಿ ಗಾಡಿಗಳು ಬರತೊಡಗಿದವು.

ಸರಿಪಡಿಸಲು ಜಿಲ್ಲೆಯಿಂದ ಬಂದವನನ್ನು ಉಲ್ಕಾನ್ ಬಾಗಿಲಲ್ಲೇ ಹಿಡಿದಳು.

"ಏನಪ್ಪಾ, ನಿಮ್ ಹುಡ್ಗೀನ ಹೆತ್ತೋರು ಯಾರೂ ಇಲ್ವಾ? ದೊಡ್ಡೋರು ಸಲಾಂ ಮಾಡಿದ್ರೆ ತಿರುಗಿ ಸಲಾಂ ಮಾಡ್ಬೇಕು ಅಂತ ಕಲ್ಸು."

ಅವನು ಕಲಿಸಿದ. ಊರೆಲ್ಲ ಉಲ್ಕಾನ್‌ಳನ್ನು ಹೊಗಳಿತು, ಅವಳೂ ಸ್ವಲ್ಪ ದಿನ ಬೀಗಿದಳು.

ಆ ಚಳಿಗಾಲದ ಒಂದು ಬೆಳಿಗ್ಗೆ ಬೇಯ್‌ಶೆನಾಲಿ ರಕ್ತದೊತ್ತಡ ನೋಡಿಸಲು ಹೊರಟ. ಉಲ್ಕಾನ್ ಜೊತೆಗೆ ಹೋದಳು. ಹಿಮಗಾಳಿಗೆ ಊರಿನ ಫೋನುಗಳೆಲ್ಲ ಸತ್ತಿದ್ದವು. ಪಟ್ಟಣದೊಂದಿಗೆ ಮಾತಾಡಲು ಉಳಿದಿದ್ದವಳು ಆಯ್‌ಪೆರಿ ಒಬ್ಬಳೇ. ಪರದೆಯ ಮುಂದೆ ಬಂದವನೇ ಮುದುಕ ಬೆವರಿದ. ಬಲಗೈ ಎದೆಯನ್ನು ಅವುಚಿ ಹಿಡಿಯಿತು, ತಲೆ ಮುಂದಕ್ಕೆ ಬಾಗಿತು, ದನಿ ಹೊರಡಲಿಲ್ಲ.

ಆಯ್‌ಪೆರಿ ನಕ್ಕಳು. ತಾನೂ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದಳು. "ಸಲಾಂ ಅಜ್ಜಾ. ಕುರಿ ಕುದುರೆ, ಮನೆಮಂದಿ ಎಲ್ಲಾ ಚೆನ್ನಾಗಿದ್ದಾರಾ?"

ಉಲ್ಕಾನ್ ಗಂಡನ ತೋಳು ಹಿಡಿದಳು. ಹುಡುಗಿಗೆ ಈ ಸಲಾಮನ್ನು ಕಲಿಸುವಂತೆ ಮಾಡಿದವಳು ತಾನೇ. ಮುದುಕ ಬೆಂಚಿಗೆ ಕುಸಿದ. ಹುಡುಗಿ ಇನ್ನಷ್ಟು ಬಾಗಿ ಇನ್ನೊಂದು ಸಲಾಂ ಮಾಡಿದಳು.

"ಸಲಾಂ ಅಲ್ವೇ ಅದು, ನೋವು! ಗಾಡಿ ಕಳ್ಸು."

"ಯಾರಿಗೆ ನೋವು, ಅಪಾ? ಈಗ ಹೆಸ್ರಿಲ್ದೆ ಗಾಡಿ ಕಳ್ಸೋ ಹಾಗಿಲ್ಲ. ಹೆಸ್ರು ಹೇಳಿ."

"ನಮ್ಮನೆಯವ್ರಿಗೆ."

"ಆ ಹೆಸ್ರಿನವರು ಈ ಊರಲ್ಲಿ ಇಲ್ಲ. ಹೆಸ್ರು ಹೇಳಿ."

ಮಕ್ಕಳ ತಂದೆ ಎಂದಳು, ಮುದುಕ ಎಂದಳು, ಮಸೀದಿ ಪಕ್ಕದ ನೀಲಿ ಬಾಗಿಲಿನ ಮನೆಯ ಯಜಮಾನ ಎಂದಳು. ಅದೇ ಬೆಣ್ಣೆಯಂಥ ದನಿಯಲ್ಲಿ ಆಯ್‌ಪೆರಿ ಪ್ರತಿಸಲವೂ ಹೆಸರನ್ನೇ ಕೇಳಿದಳು. ಗಂಡನ ತುಟಿ ನೀಲಿಗಟ್ಟುತ್ತಿತ್ತು. ಹೇಳಿದರೆ ಅತ್ತೆಯ ಮಾತು ನಿಜವಾಗಿಬಿಟ್ಟರೆ? ಹೇಳದಿದ್ದರೆ ಗಾಡಿಯೇ ಇಲ್ಲ.

"ಬೇಯ್‌ಶೆನಾಲಿ," ಎಂದಳು.

ಆಯ್‌ಪೆರಿಯ ನಗು ಮಾಯವಾಯಿತು. ಗಾಡಿ ಹೊರಟಿದೆ, ಅವರನ್ನು ಅಲುಗಾಡಿಸಬೇಡಿ ಎಂದಳು. ಉಲ್ಕಾನ್‌ಗೆ ಅದು ಕೇಳಿಸಿತೋ ಇಲ್ಲವೋ. ಮುದುಕ ಕಷ್ಟಪಟ್ಟು ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ. ಆ ಬಾಯಿಂದ ತನ್ನ ಹೆಸರನ್ನು ಅವನು ಜೀವಮಾನದಲ್ಲೇ ಕೇಳಿರಲಿಲ್ಲ. ನೋವಿಗೂ ಬಾರದ ಭಯ ಈಗ ಅವನ ಕಣ್ಣಿಗೆ ಬಂದಿತ್ತು.

"ಅಷ್ಟಕ್ಕೆ ಬಂತೇನೇ?" ಎಂದು ಪಿಸುಗುಟ್ಟಿದ.

ಇಲ್ಲ ಎಂದು ತಲೆಯಾಡಿಸಿ, ಅವನ ಎದೆಯ ಮೇಲಿದ್ದ ಕೈಯ ಮೇಲೆ ಅವಳು ತನ್ನ ಕೈಯಿಟ್ಟಳು. ಗಾಡಿಯ ಸದ್ದು ಕೇಳುವವರೆಗೂ ತೆಗೆಯಲಿಲ್ಲ. ಇನ್ನೊಮ್ಮೆ ಆ ಹೆಸರು ಹೇಳುವ ಧೈರ್ಯ ಮಾತ್ರ ಅವಳಿಗೆ ಬರಲಿಲ್ಲ.