ಸೀರೆ ತುರುಕಿದ ಅಕ್ಕಿ ಚೀಲ

ನನಗಾಗ ಐವತ್ತರ ಹತ್ತಿರ. ಇದೆಲ್ಲ ನಡೆದು ನಲವತ್ತು ವರ್ಷವಾಯ್ತು. ಮೊನ್ನೆ ಮೊಮ್ಮಗಳು ನನ್ನ ಮಂಡಿಗೆ ನೋವಿನೆಣ್ಣೆ ತಿಕ್ಕಿದಳು. ಆ ಘಾಟು ಮೂಗಿಗೆ ಹೊಡೆದದ್ದೇ ತಡ, ಸ್ಯಾನ್ ಹೊಸೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮುದುಕ ಬಂದು ಎದುರಿಗೆ ನಿಂತ ಹಾಗಾಯ್ತು...

ಎಂಬತ್ತು ದಾಟಿದವನು. ಈ ದೇಶದ, ಚೆಂಡು ಕೈಯಲ್ಲಿ ಹಿಡಿದು ಆಡೋ ಫುಟ್‌ಬಾಲಿಗೆ ಸಂಬಳ ಕೊಡೋಕೆ ಶುರುವಾದ ಕಾಲದಲ್ಲಿ, ತಲೆಗೆ ಚರ್ಮದ ಟೋಪಿ ಕಟ್ಟಿಕೊಂಡು ಆಡಿದ್ದನಂತೆ. ಚೆಂಡು ಹಿಡಿದು ಓಡೋರು ಬೇರೆ, ಹೆಸರೂ ಅವರಿಗೇ. ಇವನು ಮುಂದಿನ ಸಾಲಿನವನು. ಎದುರಿಗೆ ನಿಂತವನನ್ನ ತಳ್ಳಿ ಕೆಡವೋದಷ್ಟೇ ಕೆಲಸ. ಅಷ್ಟು ವರ್ಷ ಆಡಿ ಚೆಂಡು ಮುಟ್ಟಿದ್ದೇ ಇಲ್ಲ. ಬೆರಳೆಲ್ಲ ಶುಂಠಿ ಹಾಗೆ ಸೊಟ್ಟ, ಮುಂದಿನ ಹಲ್ಲಿಲ್ಲ. ಒಬ್ಬನ ಮಂಡಿ ಮುರಿದಾಗ ಒಣ ಕಟ್ಟಿಗೆ ಮುರಿದ ಸದ್ದು ಬಂತು ಅಂತ ಹೇಳಿ ಹೇಳಿ ನಗ್ತಿದ್ದ. ಒಳ್ಳೆಯವನೇನಲ್ಲ.

ಆ ಬೇಸಿಗೆಯಲ್ಲಿ ಅವನ ಮಗಳು ಖಡಾಖಂಡಿತ ಹೇಳಿದ್ದಳು. ಕೈ ಊರದೆ ಕುರ್ಚಿಯಿಂದ ಎದ್ದು ನಿಂತರೆ ಸ್ವಂತ ಮನೆಯಲ್ಲೇ ಇರಬಹುದು, ಇಲ್ಲದಿದ್ದರೆ ಮುದುಕರನ್ನ ಇಡೋ ನರ್ಸಿಂಗ್ ಹೋಮು. ಕಾಲು ಗಟ್ಟಿ ಮಾಡಿಕೊಳ್ಳೋಕೆ ಅವನು ನನ್ನನ್ನ ಹಿಡಿದ. ನನ್ನದು ಒರಳು ತಿರುಗಿಸಿದ ರಟ್ಟೆ. ಅಕ್ಕಿ ಚೀಲಕ್ಕೆ ಹಳೇ ಸೀರೆ ತುರುಕಿ ಹೊಲಿದೆ. ದಿನಾ ಬೆಳಿಗ್ಗೆ ಹಿತ್ತಲಲ್ಲಿ ನಾನು ಚೀಲ ಹಿಡಿಯೋದು, ಅವನು ನೋವಿನೆಣ್ಣೆ ಬಳಿದ ಭುಜ ಕೊಟ್ಟು ತಳ್ಳೋದು.

"ಬಗ್ಗು ಲೇಡಿ, ಬಗ್ಗು! ಚರ್ಚಿಗೆ ಬಂದಿದೀಯಾ, ನೆಟ್ಟಗೆ ನಿಂತಿದೀಯಲ್ಲ?"

ನಮ್ಮೆಜಮಾನ್ರು ಅಡುಗೆಮನೆ ಕಿಟಕಿಯಿಂದ ಕೂಗೋರು: "ಏನೇ, ಇವತ್ತು ಕಾಫಿ ಗೆದ್ದೋರಿಗೋ, ಸೋತೋರಿಗೋ?"

ಬೇಸಿಗೆ ಕೊನೆಗೆ ಅವನ ಮಗಳು ನೋಡೋಕೆ ಬಂದಳು. ಅಪ್ಪನದೇ ಭುಜ ಅವಳಿಗೂ. ಮುದುಕ ಬಗ್ಗಿ, ಉಸಿರು ಕಟ್ಟಿ, ಎದ್ದೇ ಬಿಟ್ಟ. ಕೈ ಊರಲಿಲ್ಲ. ನನ್ನ ಕಡೆ ತಿರುಗಿ ಬೊಚ್ಚು ಬಾಯಿ ಬಿಟ್ಟು ನಕ್ಕ.

ಅವಳು ಹತ್ತಿರ ಬಂದು ಎದೆಗೆ ಒಂದೇ ಬೆರಳಿಟ್ಟು ತಳ್ಳಿದಳು. ದೊಪ್ಪಂತ ಕುರ್ಚಿಗೆ ಬಿದ್ದ.

"ಏಳು ಡ್ಯಾಡಿ. ನಾನು ಚಿಕ್ಕೋಳಿದ್ದಾಗ ಹೀಗೇ ಕೆಡವಿ, ಅಳದೆ ಎದ್ರೆ ಮಾತ್ರ ಊಟ ಅಂತಿದ್ದೆಯಲ್ಲ? ಏಳು."

ಏಳಲಿಲ್ಲ. ಕೂತಲ್ಲಿಂದಲೇ ಅವಳ ಭುಜ ನೋಡಿ ಹೇಳಿದ.

"ಚೆನ್ನಾಗಿ ತಳ್ಳಿದೆ."

ಸಂಜೆಗೇ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದಳು. ಮಳೆ ಶುರುವಾಗೋದರೊಳಗೆ ಸತ್ತ. ಬಗ್ಗು ಅಂತ ನನ್ನನ್ನ ಬೈಯೋರು ಆಮೇಲೆ ಯಾರೂ ಸಿಗಲಿಲ್ಲ... ಈಗ ನಾನೂ ಕೈ ಊರದೆ ಏಳಲಾರೆ. ಮೊಮ್ಮಗಳು ಎದುರಿಗೆ ನಿಂತು "ಅಜ್ಜಿ, ಟ್ರೈ ಮಾಡು" ಅಂತಾಳೆ. ನನ್ನ ಕಣ್ಣು ಅವಳ ಬೆರಳಿನ ಮೇಲೇ.

ಅವನನ್ನ ಕರೆದುಕೊಂಡು ಹೋದ ಮರುದಿನ ಬೆಳಿಗ್ಗೆ ಚೀಲದ ಹೊಲಿಗೆ ಬಿಚ್ಚಿದೆ. ಸೀರೆಗಳನ್ನ ಒಗೆದು ಹರವಿದೆ. ಘಾಟು ಹೋಗಲಿಲ್ಲ. ಅದರಲ್ಲೊಂದನ್ನ ಉಟ್ಟುಕೊಂಡು ಅಡುಗೆಗೆ ನಿಂತೆ.