ಒಂದೇ ಡ್ರಮ್ಮಿನ ಹಿಡಿಯಕ್ಕಿ

ಹೋದ ವಾರ ನೀವಿಬ್ಬರೂ ಶಾಲೆಯಿಂದ ಬಂದವರೇ ಬ್ಯಾಗು ಸೋಫಾದ ಮೇಲೆ ಎಸೆದು ಮುಖ ಊದಿಸಿಕೊಂಡು ಕುಳಿತಿರಿ. ಜೂನ್‌ನಿಂದ ತಣಿಸಂದ್ರದ ಶಾಲೆಯನ್ನು ನಿಮ್ಮ ಶಾಲೆಗೆ ಸೇರಿಸುತ್ತಾರಂತೆ, ಅಲ್ಲಿನ ಮಕ್ಕಳೆಲ್ಲ ಇಲ್ಲಿಗೇ ಬರುತ್ತಾರಂತೆ. "ಇನ್ಮೇಲೆ ನಮ್ ಸ್ಕೂಲ್ ನಮ್ದಾಗಿರಲ್ಲ ಅಜ್ಜಿ" ಎಂದಳು ದೊಡ್ಡವಳು. "ಸೋಮವಾರದ ಇಡ್ಲಿನೂ ಅವ್ರೇ ತಿಂದ್ಬಿಡ್ತಾರೆ" ಎಂದ ಚಿಕ್ಕವನು.

ನಾಲ್ಕು ಮಾತು ಒಟ್ಟಿಗೆ ಆಡಲು ನನಗೆ ಬರುವುದಿಲ್ಲ, ಮೊಮ್ಮಕ್ಕಳ ಮುಂದೆಯೂ ಹಾಗೆಯೇ. ಬರೆಯುವುದಾದರೆ ಪರವಾಗಿಲ್ಲ. ಅಬ್ಬಿಗೆರೆಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ತಿದ್ದಿದ ಅಕ್ಷರ ಇನ್ನೂ ಕೈಬಿಟ್ಟಿಲ್ಲ. ಸೋಮವಾರ ನಿಮ್ಮ ಶಾಲೆಯಲ್ಲಿ ಇಡ್ಲಿಯೇ ಯಾಕೆ ಎಂದು ನೀವು ಯಾವತ್ತೂ ಕೇಳಲಿಲ್ಲ. ಅದನ್ನು ಹೇಳಿದರೆ ಶಾಲೆಯ ಕಥೆಯನ್ನೂ ಹೇಳಿದ ಹಾಗಾಗುತ್ತದೆ.

ನಿಮ್ಮ ಶಾಲೆ ಒಂದೇ ಸಲಕ್ಕೆ ಹುಟ್ಟಿದ್ದಲ್ಲ. ಮತ್ತಿಕೆರೆ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿನ ಪ್ರೊಟೆಸ್ಟೆಂಟ್ ಸಭೆಯವರು ಚರ್ಚಿನ ಜಗುಲಿಯಲ್ಲಿ ಒಂದು ಕನ್ನಡ ಶಾಲೆ ನಡೆಸುತ್ತಿದ್ದರು. ಪಕ್ಕದ ಕೊಠಡಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಇನ್ನೊಂದು ಶಾಲೆ ಇತ್ತು. ಇವೆರಡನ್ನೂ ಸೇರಿಸಿ ಹೆಣ್ಣುಮಕ್ಕಳ ಹೈಸ್ಕೂಲು ಮಾಡಿದರು. ನಿಮ್ಮ ಶಾಲೆಯಲ್ಲಿ ಗಂಡುಮಕ್ಕಳಿಗೂ ಅಂಗಿಗೆ ಗುಂಡಿ ಹೊಲಿಯುವುದನ್ನು ಕಲಿಸುತ್ತಾರಲ್ಲ, ಅದು ಆ ಹೊಲಿಗೆ ಶಾಲೆಯಿಂದ ಉಳಿದುಕೊಂಡದ್ದು.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಆ ಶಾಲೆಗೆ ಅಡುಗೆಯವಳಾಗಿ ಸೇರಿದೆ. ನಾವು ಅವರ ಮತದವರಲ್ಲ, ಆದರೂ ಯಾರೂ ಅದನ್ನು ಎತ್ತಲಿಲ್ಲ. ಕೆಲಸದವರ ಮಕ್ಕಳಿಗೆ ಫೀಸು ಇರಲಿಲ್ಲವಾದ್ದರಿಂದ ನಿಮ್ಮ ಅಮ್ಮನೂ ಅಲ್ಲೇ ಓದತೊಡಗಿದಳು.

ಆ ಶಾಲೆಯಲ್ಲಿ ದೂರದಿಂದ ಬರುವ ಮಕ್ಕಳಿಗೆ ಮಧ್ಯಾಹ್ನ ಊಟ ಹಾಕುತ್ತಿದ್ದರು. ಅದಕ್ಕೆ ಅಕ್ಕಿ ಬರುತ್ತಿದ್ದುದು ಸಭೆಯ ಹೆಂಗಸರ ಮನೆಗಳಿಂದ. ಪ್ರತಿ ಹೊತ್ತು ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಾರೆ. ಭಾನುವಾರ ಅದನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಚರ್ಚಿಗೆ ತಂದು ಅಲ್ಲಿನ ಡ್ರಮ್ಮಿಗೆ ಸುರಿಯುತ್ತಾರೆ. ಅದೇ ಹಿಡಿಯಕ್ಕಿ. ಕಾಣಿಕೆಯಾಗಿ ಬಂದ ಅಕ್ಕಿಯನ್ನು ಮಾರಬಾರದು, ಚೆಲ್ಲಬಾರದು, ಮಕ್ಕಳಿಗೇ ಬೇಯಿಸಬೇಕು ಎಂಬುದು ಅವರ ಸ್ತ್ರೀ ಸಂಘದ ಕಟ್ಟಳೆ. ಸೇರಿದ ಸ್ವಲ್ಪ ದಿನಕ್ಕೆ ನಾನೂ ಮನೆಯಲ್ಲಿ ಒಂದು ಹಿಡಿ ಎತ್ತಿಡಲು ಶುರುಮಾಡಿದೆ. ಯಾರೂ ಹೇಳಿರಲಿಲ್ಲ. ಎತ್ತಿಡದೆ ಅಕ್ಕಿ ತೊಳೆಯಲು ಕೈ ಬರುತ್ತಿರಲಿಲ್ಲ.

ನಿಮ್ಮ ಅಮ್ಮ ಒಂಬತ್ತನೇ ತರಗತಿಗೆ ಬಂದ ವರ್ಷ ಎರಡನೇ ಸೇರ್ಪಡೆ ಆಯಿತು. ಯಶವಂತಪುರದಲ್ಲಿ ತಮಿಳು ಸಭೆಯವರ ಗಂಡುಮಕ್ಕಳ ಶಾಲೆ ಇತ್ತು. ರಸ್ತೆ ಅಗಲ ಮಾಡುವಾಗ ಅದರ ಮುಂಭಾಗ ಹೋಯಿತು. ನಮ್ಮಲ್ಲಿ ಕೊಠಡಿಗಳಿದ್ದವು, ಮಕ್ಕಳು ಕಡಿಮೆಯಾಗುತ್ತಿದ್ದರು. ಎರಡೂ ಸಭೆಯವರು ಕುಳಿತು ಮಾತಾಡಿ ಶಾಲೆಗಳನ್ನು ಒಂದು ಮಾಡಿದರು. ಬೆಂಚುಗಳು ಲಾರಿಯಲ್ಲಿ ಬಂದವು, ಮೇಷ್ಟ್ರುಗಳು ಬಂದರು. ಜೊತೆಗೆ ಅಲ್ಲಿನ ಅಡುಗೆಯವಳೂ ಬಂದಳು.

ಅವಳೂ ನನ್ನ ಹಾಗೆ ಗಂಡನನ್ನು ಕಳೆದುಕೊಂಡವಳು. ಹಾಸಿಗೆ ಹಿಡಿದ ತಾಯಿಯನ್ನು ಅವಳೊಬ್ಬಳೇ ನೋಡಿಕೊಳ್ಳುತ್ತಿದ್ದಳು. ಒಂದು ತಿಂಗಳು ನೋಡಿ ಇಬ್ಬರಲ್ಲಿ ಒಬ್ಬರನ್ನು ಉಳಿಸಿಕೊಳ್ಳುತ್ತೇವೆ ಎಂದು ಕಮಿಟಿಯವರು ಹೇಳಿಬಿಟ್ಟರು. ನನ್ನ ಕೆಲಸ ಹೋದರೆ ನಿಮ್ಮ ಅಮ್ಮನ ಎಸ್ಸೆಸ್ಸೆಲ್ಸಿ ಹೋದ ಹಾಗೇ. ಅವಳ ಕೆಲಸ ಹೋದರೆ ಆ ತಾಯಿಯ ಔಷಧಿ ನಿಲ್ಲುತ್ತಿತ್ತು. ಒಂದೇ ಒಲೆಯ ಮುಂದೆ ಇಬ್ಬರೂ ಬೆನ್ನು ತಿರುಗಿಸಿ ನಿಂತಿರುತ್ತಿದ್ದೆವು. ಉಪ್ಪು ಬೇಕಾದರೂ ಕೇಳುತ್ತಿರಲಿಲ್ಲ, ಕೈ ಚಾಚಿ ತೆಗೆದುಕೊಳ್ಳುತ್ತಿದ್ದೆವು.

ಮೊದಲ ಭಾನುವಾರ ಎರಡೂ ಸಭೆಗಳಿಗೆ ಒಟ್ಟಿಗೆ ಆರಾಧನೆ ನಡೆಯಿತು. ನಾನು ಎಂದಿನಂತೆ ಹಿಂದಿನ ಬಾಗಿಲ ಹತ್ತಿರ ನಿಂತಿದ್ದೆ. ತಮಿಳು ಸಭೆಯ ಹೆಂಗಸರೂ ಹಿಡಿಯಕ್ಕಿ ತಂದಿದ್ದರು, ಅವರಲ್ಲಿ ಅದಕ್ಕೆ ಪಿಡಿ ಅರಿಸಿ ಎನ್ನುತ್ತಾರೆ. ಇನ್ನೊಂದು ಡ್ರಮ್ ತರಲೇ ಎಂದು ಯಾರೋ ಕೇಳಿದರು. ಪಾಸ್ಟರಿಗೆ ಆ ದಿನ ಮನಸ್ಸು ತುಂಬಿ ಬಂದಿತ್ತು. "ಎರಡು ಡ್ರಮ್ ಯಾಕಮ್ಮಾ? ಒಂದೇ ಶಾಲೆ, ಒಂದೇ ಡ್ರಮ್!" ಎಂದರು. ಹೆಂಗಸರು ಸಾಲಾಗಿ ಬಂದು ಒಂದೇ ಡ್ರಮ್ಮಿಗೆ ಸುರಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟೂ ಮಂದಿ ಅನ್ನ ಮಾಡುವವರೇ. ಆ ಸಂತೋಷದಲ್ಲಿ ಒಬ್ಬರಿಗೂ ಹೊಳೆಯಲಿಲ್ಲ: ನಮ್ಮವರು ತಂದದ್ದು ಬೆಳ್ತಿಗೆ ಅಕ್ಕಿ, ಅವರು ತಂದದ್ದು ಕುಸುಬಲು ಅಕ್ಕಿ.

ನಿಮಗೆ ಈ ವ್ಯತ್ಯಾಸ ಗೊತ್ತಿರಲಿಕ್ಕಿಲ್ಲ. ಭತ್ತವನ್ನು ಬೇಯಿಸಿ ಒಣಗಿಸಿ ತೆಗೆದ ಕುಸುಬಲು ಅಕ್ಕಿಗೆ ನೀರೂ ಜಾಸ್ತಿ, ಹೊತ್ತೂ ಜಾಸ್ತಿ ಬೇಕು. ಅದು ಬೇಯುವಷ್ಟರಲ್ಲಿ, ಭತ್ತ ಬೇಯಿಸದೆ ಮಾಡಿದ ಬೆಳ್ತಿಗೆ ಅಕ್ಕಿ ಗಂಜಿಯಾಗಿರುತ್ತದೆ.

ಸೋಮವಾರ ಹಾಗೇ ಆಯಿತು. ತಟ್ಟೆಗೆ ಹಾಕಿದರೆ ಅರ್ಧ ಅಂಟು, ಅರ್ಧ ಕಲ್ಲು.

"ಮಗಾ, ಇದು ಅನ್ನನಾ ಸಿಮೆಂಟಾ?" ಎಂದು ಹುಡುಗನೊಬ್ಬ ಪಕ್ಕದವನನ್ನು ಕೇಳಿದ.

"ನಿಮ್ ಅಕ್ಕಿನೇ ಕಣೋ ಬೆಂದಿಲ್ದೇ ಇರೋದು" ಎಂದಳು ಎದುರು ಸಾಲಿನ ಹುಡುಗಿ.

"ನಿಮ್ದು ನೋಡೇ, ಪೋಸ್ಟರ್ ಅಂಟಿಸ್ಬಹುದು!"

ಮಂಗಳವಾರ ನೀರು ಕಡಿಮೆ ಮಾಡಿದೆವು, ಬುಧವಾರ ಜಾಸ್ತಿ ಮಾಡಿದೆವು. ಮಕ್ಕಳು ತಟ್ಟೆಯಲ್ಲೇ ಬಿಟ್ಟು ಎದ್ದರು. ಊಟದ ಸಾಲಿನಲ್ಲಿ ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ ಕುಳಿತು ಒಬ್ಬರನ್ನೊಬ್ಬರು ಅಣಕಿಸುವುದು ಮಾತ್ರ ನಡೆಯಿತು. ಗುರುವಾರ ಹೆಡ್‌ಮಿಸ್ ಅಡುಗೆಮನೆಗೆ ಬಂದು ಬಾಗಿಲಲ್ಲೇ ನಿಂತರು.

"ನೋಡ್ರಮ್ಮಾ, ನಿಮ್ಮಿಬ್ರ ತಪ್ಪಲ್ಲ ಅಂತ ನಂಗೊತ್ತು. ಆದ್ರೆ ಮುಂದಿನ್ ವಾರನೂ ಇದೇ ಕಥೆ ಆದ್ರೆ ಅಡುಗೆಮನೆ ಮುಚ್ಚಿ, ಮಕ್ಳು ಮನೆಯಿಂದ ಬಾಕ್ಸ್ ತರ್ಲಿ ಅಂತ ಕಮಿಟಿಲಿ ಹೇಳ್ತಿದಾರೆ."

ಅವರು ಹೋದರು. ಇಬ್ಬರಲ್ಲಿ ಒಬ್ಬರು ಎಂದಿದ್ದದ್ದು ಈಗ ಇಬ್ಬರೂ ಇಲ್ಲ ಎಂದಾಗಿತ್ತು. ಅವಳು ಮೊರ ತೆಗೆದುಕೊಂಡು ಡ್ರಮ್ಮಿನ ಪಕ್ಕ ಕುಳಿತು ಅಕ್ಕಿ ಕೇರತೊಡಗಿದಳು. ಎರಡು ಅಕ್ಕಿ ಬೇರೆಯಾಗಬಹುದೆಂದು ಅವಳ ಆಸೆ. ನಾನೂ ಇನ್ನೊಂದು ಮೊರ ಹಿಡಿದು ಎದುರಿಗೆ ಕುಳಿತೆ. ಕೇರಿದಷ್ಟೂ ಅವು ಇನ್ನಷ್ಟು ಬೆರೆತವು. ಅವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಇಬ್ಬರಿಗೂ ನಗು ಬಂತು.

"ಹಿಂಗೇ ಕೂತ್ರೆ ನಿಮ್ ಮಗಳು ಕಾಲೇಜ್ ಮುಗಿಸ್ಬಿಡ್ತಾಳೆ ಅಕ್ಕಾ" ಎಂದಳು.

"ಇಂಗೇ ಇದ್ರೆ ಅವಳು ಹೈಸ್ಕೂಲೇ ಮುಗ್ಸಲ್ಲ ಕಣಮ್ಮ" ಎಂದೆ. ಅವಳೊಂದಿಗೆ ನಾನಾಡಿದ ಮೊದಲ ಉದ್ದದ ಮಾತು ಅದು.

ಅವಳು ಒಂದು ಹಿಡಿ ಅಕ್ಕಿ ಅಂಗೈಯಲ್ಲಿ ಹರಡಿಕೊಂಡು ಸುಮ್ಮನೆ ನೋಡುತ್ತಿದ್ದಳು. ನನ್ನ ತವರಿನಲ್ಲಿ ಹಬ್ಬಕ್ಕೆ ಇಡ್ಲಿಗೆ ನೆನೆಹಾಕುವಾಗ ಅಮ್ಮ ಎರಡು ಥರದ ಅಕ್ಕಿ ಬೆರೆಸುತ್ತಿದ್ದುದು ನನಗೆ ನೆನಪಾಯಿತು. ಹೇಳಲೋ ಬೇಡವೋ ಎಂದುಕೊಳ್ಳುವಷ್ಟರಲ್ಲಿ ಅವಳೇ, "ಅಕ್ಕಾ, ನಮ್ಮನೇಲಿ ಇಡ್ಲಿಗೆ ಬೇಕೂಂತ್ಲೇ ಎರಡೂ ಹಾಕ್ತೀವಿ!" ಎಂದಳು.

"ನಮ್ಮಲ್ಲೂ" ಎಂದೆ.

ಅಕ್ಕಿ ಇತ್ತು. ಮದುವೆ ಊಟಕ್ಕೆಂದು ಚರ್ಚಿನಲ್ಲಿ ಇಟ್ಟಿದ್ದ ದೊಡ್ಡ ಗ್ರೈಂಡರೂ ಇಡ್ಲಿ ತಟ್ಟೆಗಳೂ ಇದ್ದವು. ಉದ್ದಿನಬೇಳೆ ಇರಲಿಲ್ಲ. ಸ್ತ್ರೀ ಸಂಘದವರನ್ನೇ ಕೇಳಬೇಕು, ಭಾನುವಾರವೇ ಕೇಳಬೇಕು.

"ನೀನೇ ಕೇಳು, ನಿನ್ನ ಮತದೋರು" ಎಂದೆ.

"ನನ್ ಕನ್ನಡ ಕೇಳಿದ್ರೆ ನಿಮ್ ಮತ್ತಿಕೆರೆಯೋರು ನಗ್ತಾರೆ. ನೀವೇ ಕೇಳಿ."

"ಯಶವಂತಪುರದೋರಿಗೆ ನನ್ನ ಮಾತು ತಿಳಿಯಲ್ಲ."

"ಹಂಗಾದ್ರೆ ಇಬ್ರೂ ಹೋಗಾಣ. ಬಾಯ್ ಬಿಡ್ದಿದ್ರೆ ಹಿಂದ್ಗಡೆಯಿಂದ ಚಿವುಟ್ತೀನಿ, ನೋಡ್ಕೊಳ್ಳಿ."

ಆ ಭಾನುವಾರ ಆರಾಧನೆ ಮುಗಿದ ಮೇಲೆ ಅಷ್ಟು ಹೆಂಗಸರ ಮುಂದೆ ನಿಂತೆ. ಅಲ್ಲಿಯವರೆಗೆ ಹಿಂದಿನ ಬಾಗಿಲು ದಾಟಿ ಒಳಗೆ ಬಂದವಳೇ ಅಲ್ಲ. ನಿಮ್ಮ ಅಮ್ಮ ಮೂಲೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಸೆರಗಿನ ತುದಿ ಹಿಡಿದುಕೊಂಡು, "ಮಕ್ಕಳಿಗೆ ಇಡ್ಲಿ ಮಾಡ್ತೀವಿ. ಒಬ್ಬೊಬ್ರು ಒಂದಿಡಿ ಉದ್ದಿನಬೇಳೆ ಕೊಡಿ" ಎಂದೆ. ಪಕ್ಕದಲ್ಲಿದ್ದ ಜೊತೆಗಾತಿ ಅದನ್ನೇ ತಮಿಳಿನಲ್ಲಿ ಹೇಳಿದಳು. ನನ್ನದು ಎರಡು ಮಾತು, ಅವಳದು ಒಂದು ಭಾಷಣವೇ ಆಯಿತು. ಏನು ಸೇರಿಸಿದಳೋ ಗೊತ್ತಿಲ್ಲ, ಎಲ್ಲರೂ ನನ್ನನ್ನು ನೋಡಿ ನಕ್ಕರು. ಮನೆ ಹತ್ತಿರವಿದ್ದವರು ಎದ್ದು ಹೋಗಿ ಡಬ್ಬಿಗಳಲ್ಲಿ ಬೇಳೆ ತಂದರು.

ಸಂಜೆ ಅವಳು ರುಬ್ಬಿದಳು, ನಾನು ಹಿಟ್ಟು ಬೆರೆಸಿ ಉಬ್ಬಲು ಇಟ್ಟೆ. ಸೋಮವಾರ ಮುಚ್ಚಳ ತೆಗೆದಾಗ ಹಬೆಯ ಜೊತೆ ಬಂದ ವಾಸನೆಗೇ ಮಕ್ಕಳು ಬಾಗಿಲಿಗೆ ಮುತ್ತಿಕೊಂಡರು. ಸಾಲು ಕಲಸಿಹೋಯಿತು. ಹುಡುಗರು ಯಾವ ಕಡೆ, ಹುಡುಗಿಯರು ಯಾವ ಕಡೆ ಎಂದು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಸಿಮೆಂಟು ಎಂದಿದ್ದ ಹುಡುಗ ಮೂರನೇ ಸಲ ತಟ್ಟೆ ಹಿಡಿದು ಬಂದ.

"ಏನಪ್ಪಾ, ಮನೆ ಕಟ್ಟೋದು ಮುಗೀಲಿಲ್ವಾ?" ಎಂದಳು ಅವಳು.

ಆ ಡ್ರಮ್ ಮುಗಿಯುವವರೆಗೆ ದಿನವೂ ಇಡ್ಲಿಯೇ. ಆಮೇಲೆ ಸಂಘದವರು ಎರಡು ಡ್ರಮ್ ಇಟ್ಟರು. ಆದರೆ ವಾರಕ್ಕೊಮ್ಮೆಯಾದರೂ ಎರಡನ್ನೂ ಬೆರೆಸಲೇಬೇಕು ಎಂದು ಮಕ್ಕಳು ಹಟ ಹಿಡಿದರು, ಹಾಗೆ ಸೋಮವಾರ ಇಡ್ಲಿಯ ದಿನವಾಯಿತು. ತಿಂಗಳ ಕೊನೆಗೆ ಕಮಿಟಿಯವರು ಇಬ್ಬರಲ್ಲಿ ಯಾರು ಎಂದು ಕೇಳಿದಾಗ ಹೆಡ್‌ಮಿಸ್, "ಒಬ್ರು ರುಬ್ಬಬೇಕು, ಒಬ್ರು ಬೇಯಿಸ್ಬೇಕು. ಇಷ್ಟು ಮಕ್ಕಳಿಗೆ ಒಬ್ರೇ ಹೇಗ್ರೀ ಮಾಡ್ತಾರೆ? ನೀವ್ ಬರ್ತೀರಾ ರುಬ್ಬೋಕೆ?" ಎಂದರಂತೆ. ಇಬ್ಬರೂ ಉಳಿದೆವು. ಅವಳ ತಾಯಿ ಇನ್ನೂ ಕೆಲವು ವರ್ಷ ಬದುಕಿದರು. ನಿಮ್ಮ ಅಮ್ಮ ಅಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿದಳು. ಈಗ ಹೆಬ್ಬಾಳದ ಆಸ್ಪತ್ರೆಯ ಲ್ಯಾಬಿನಲ್ಲಿ ಅವಳು ಮಾಡುವ ಕೆಲಸ ಏನೆಂದು ನನಗೆ ಪೂರ್ತಿ ಅರ್ಥವಾಗುವುದಿಲ್ಲ, ಬೆಳಿಗ್ಗೆ ಅವಳು ಬಿಳಿ ಕೋಟು ಮಡಿಸಿ ಚೀಲಕ್ಕೆ ಹಾಕುವುದನ್ನು ನೋಡುತ್ತಾ ನಿಲ್ಲುತ್ತೇನೆ.

ನಿನ್ನೆ ನಿಮ್ಮ ಶಾಲೆಯ ಈಗಿನ ಅಡುಗೆಯವಳು ಫೋನ್ ಮಾಡಿದ್ದಳು. ಆ ಶಾಲೆ ನಡೆಸುವ ತಣಿಸಂದ್ರದ ಸಭೆಯವರು ಮೊದಲ ಸಲ ಹಿಡಿಯಕ್ಕಿ ತಂದಿದ್ದಾರೆ. ಅಪಾರ್ಟ್‌ಮೆಂಟಿನವರಂತೆ, ಬಾಸ್ಮತಿ ಅಕ್ಕಿ, ಪಾಲಿಶ್ ಇಲ್ಲದ ಕೆಂಪಕ್ಕಿ, ಎಲ್ಲವೂ ಒಂದೇ ಡ್ರಮ್ಮಿಗೆ ಬಿದ್ದಿದೆ. "ಏನ್ ಮಾಡ್ಲಿ ಅಜ್ಜಿ?" ಎಂದು ಅಳುವುದೊಂದು ಬಾಕಿ. ನಾನು ಯಶವಂತಪುರಕ್ಕೆ, ನನ್ನ ಹಳೆಯ ಜೊತೆಗಾತಿಗೆ ಫೋನ್ ಹಚ್ಚಿದೆ.

"ಬಾಸ್ಮತಿ ಇಡ್ಲಿನಾ ಅಕ್ಕಾ! ಬೆಂಗ್ಳೂರಲ್ಲಿ ಯಾರೂ ತಿಂದಿರಲ್ಲ, ನಮ್ ಮಕ್ಳೇ ಫಸ್ಟು" ಎಂದು ನಕ್ಕಳು. ಕೆಂಪಕ್ಕಿಯನ್ನು ಜಾಸ್ತಿ ಹೊತ್ತು ನೆನೆಸಬೇಕು ಎಂದಳು. ಸಾಲದೆ ಇವತ್ತು ಮಧ್ಯಾಹ್ನ ಬಸ್ಸು ಹತ್ತಿ ತಾನೇ ಬಂದುಬಿಟ್ಟಳು.

ಆ ಡ್ರಮ್ಮಿನದೇ ಒಂದು ಪಾವು ಅಕ್ಕಿ ತರಿಸಿ ನೆನೆಹಾಕಿ, ಈಗ ತಾನೇ ರುಬ್ಬಿ ಮುಗಿಸಿದ್ದೇವೆ. ಹಿಟ್ಟು ತುಸು ಕೆಂಪಗಿದೆ. ಉಬ್ಬುತ್ತದೆ ಎಂದು ಅವಳು, ಉದ್ದು ಸ್ವಲ್ಪ ಸಾಲದೇನೋ ಎಂದು ನಾನು. ನಾಳೆ ಬೆಳಿಗ್ಗೆ ತಿಂದು ನೀವಿಬ್ಬರೂ ಹೇಳಬೇಕು. ತಣಿಸಂದ್ರದ ಮಕ್ಕಳು ಮೊದಲ ಸೋಮವಾರ ನಿಮ್ಮ ಪಕ್ಕ ಬಂದು ಕುಳಿತಾಗ ಅವರ ತಟ್ಟೆಗೆ ಬೀಳುವುದು ಇದೇ ಇಡ್ಲಿ.